‘ಟೀಚರ್, ಅವರಿಗೆ ಮುಟ್ಟಲಿಕ್ಕೆ ಪೇಷಂಟ್‌ಗಳು ಬಿಟ್ರಾ?’

ಪ್ರಶ್ನೆ: ಡಾಕ್ಟ್ರೇ, ನಾನು ಬ್ರಹ್ಮಾವರ ಬದಿಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಹತ್ತನೇ ಕ್ಲಾಸಿನಲ್ಲಿ ಕೊರಗ ಸಮುದಾಯದ ಒಬ್ಬಳು ಹುಡುಗಿ ಇದ್ದಾಳೆ. ಅಪ್ಪ ತೀರಿಕೊಂಡಿದ್ದಾರೆ. ಅಮ್ಮ ಬುಟ್ಟಿ ಹೆಣೆಯುತ್ತಾರೆ, ಕೂಲಿಗೂ ಹೋಗುತ್ತಾರೆ. ಹುಡುಗಿ ಚುರುಕು. ಸರ್ಜನ್ ಆಗಬೇಕು ಅಂತಾಳೆ. ಸ್ಟಾಫ್‌ರೂಮಿನಲ್ಲಿ ಹೇಳಿದ್ದಕ್ಕೆ ಒಬ್ಬರು ನಕ್ಕು ‘ನರ್ಸಿಂಗ್ ಮಾಡಿಸಿ, ಸಾಕು’ ಅಂದರು. ನಾನು ಅವಳಿಗೆ ಅಮೆರಿಕದ ಬೆನ್ ಕಾರ್ಸನ್ ಕತೆ ಹೇಳಿದೆ. ಬಡತನ, ಕಪ್ಪು ಜನ ಅನ್ನುವ ತಾತ್ಸಾರ, ಎಲ್ಲ ದಾಟಿ ಮೆದುಳಿನ ಸರ್ಜನ್ ಆದವರು ಅಂತ. ಅವಳು ಕೇಳಿದ್ದು ಒಂದೇ ಮಾತು: ‘ಟೀಚರ್, ಅವರಿಗೆ ಮುಟ್ಟಲಿಕ್ಕೆ ಪೇಷಂಟ್‌ಗಳು ಬಿಟ್ರಾ?’ ನನಗೆ ಉತ್ತರ ಬರಲಿಲ್ಲ. ಏನು ಹೇಳಲಿ? ನಾನು ಸುಳ್ಳು ಆಸೆ ಹುಟ್ಟಿಸುತ್ತಿದ್ದೇನಾ?

ಉತ್ತರ: ಟೀಚರ್, ನಿಮ್ಮ ಕಾಗದ ಎರಡು ಸಲ ಓದಿದೆ. ಮೂವತ್ತು ವರ್ಷಕ್ಕಿಂತ ಜಾಸ್ತಿ ಮಂಗಳೂರಿನಲ್ಲಿ ಸರ್ಜರಿ ಮಾಡಿದ್ದೇನೆ. ಶಾಲೆಗಳ ವಾರ್ಷಿಕೋತ್ಸವಕ್ಕೆ ಕರೆದಾಗಲೆಲ್ಲ ‘ಕಷ್ಟಪಟ್ಟರೆ ಎಲ್ಲವೂ ಸಾಧ್ಯ ಮಕ್ಕಳೇ’ ಅಂತ ಮೈಕ್ ಹಿಡಿದು ಹೇಳಿದ್ದೇನೆ. ಒಂದು ಮಗುವೂ ನನಗೆ ಈ ಪ್ರಶ್ನೆ ಕೇಳಿರಲಿಲ್ಲ. ಕೇಳಿದ್ದರೆ ಮೈಕ್ ಕೆಳಗಿಡಬೇಕಾಗುತ್ತಿತ್ತು.

ಯಾಕೆಂದರೆ ಸರ್ಜರಿ ಅಂದರೆ ಮುಟ್ಟುವ ಕೆಲಸ. ಔಷಧಿ ಚೀಟಿ ಬರೆಯುವ ಡಾಕ್ಟರ್ ಮೇಜಿನ ಆಚೆ ಕುಳಿತೇ ದಿನ ಕಳೆಯಬಹುದು. ಸರ್ಜನ್‌ಗೆ ಅದಾಗುವುದಿಲ್ಲ. ಅಂಗಳದ ಗೆರೆ ದಾಟಲು ಯಾರನ್ನು ಬಿಡುತ್ತಿರಲಿಲ್ಲವೋ ಅವರ ಮೊಮ್ಮಗಳು ಹೊಟ್ಟೆಯೊಳಗೆ ಕೈ ಹಾಕುತ್ತೇನೆ ಅನ್ನುತ್ತಿದ್ದಾಳೆ. ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಲ್ಲಿ ಅಜಲು ಅನ್ನುವ ಪದ್ಧತಿ ಇತ್ತಲ್ಲ. ಬೇರೆಯವರ ಕೂದಲು, ಉಗುರು ಸೇರಿಸಿದ ಅನ್ನ ಉಣ್ಣಿಸಿ ಪೀಡೆಯನ್ನೆಲ್ಲ ಕೊರಗರ ಮೈಮೇಲೆ ದಾಟಿಸುವುದು. ಅದನ್ನು ನಿಲ್ಲಿಸಲು ಕಾನೂನೇ ಬರಬೇಕಾಯಿತು, ಅದೂ 2000ದಲ್ಲಿ. ಈ ಹುಡುಗಿಯ ಅಮ್ಮನಿಗೆ ಅದು ನೆನಪಿರುವ ಕಾಲ. ಹಾಗಾಗಿ ಅವಳು ಕೇಳಿದ್ದು ಮಕ್ಕಳಾಟಿಕೆಯ ಪ್ರಶ್ನೆ ಅಲ್ಲ.

ಮೊದಲು ಕಾರ್ಸನ್ ವಿಷಯ ಮುಗಿಸುತ್ತೇನೆ. ನೀವು ಹೇಳಿದ ಕತೆ ಸುಳ್ಳಲ್ಲ, ಆದರೆ ಅರ್ಧ.

ಅವರು ಹುಟ್ಟಿದ್ದು 1951ರಲ್ಲಿ, ಡೆಟ್ರಾಯಿಟ್‌ನಲ್ಲಿ. ತಾಯಿಗೆ ಮದುವೆಯಾದಾಗ 13 ವರ್ಷ, ಓದಿದ್ದು ಮೂರನೇ ಕ್ಲಾಸು. ಗಂಡ ಬಿಟ್ಟುಹೋದ ಮೇಲೆ ಕಂಡವರ ಮನೆಕೆಲಸ ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದರು. ಐದನೇ ಕ್ಲಾಸಿನಲ್ಲಿ ಬೆನ್ ಇಡೀ ತರಗತಿಗೆ ಕೊನೆಯವರು. ತಾಯಿ ಟಿವಿ ಬಂದ್ ಮಾಡಿ, ವಾರಕ್ಕೆ ಎರಡು ಲೈಬ್ರರಿ ಪುಸ್ತಕ ಓದಿ ಅದರ ಬಗ್ಗೆ ಬರೆದು ತೋರಿಸಬೇಕು ಅಂತ ಕಟ್ಟಪ್ಪಣೆ ಮಾಡಿದರು. ಆ ತಾಯಿಗೆ ಸರಿಯಾಗಿ ಓದಲು ಬರುತ್ತಿರಲಿಲ್ಲ. ಮಕ್ಕಳಿಗೆ ಅದು ಗೊತ್ತಿರಲಿಲ್ಲ. ಬರೆದದ್ದಕ್ಕೆ ಸುಮ್ನೆ ಗುರುತು ಹಾಕಿ ಕೊಡುತ್ತಿದ್ದರು. ಇದು ಎಲ್ಲರೂ ಹೇಳುವ ಭಾಗ.

ಯಾರೂ ಹೇಳದ ಭಾಗ ಒಂದು ಉಂಟು. ಅದೇ ವರ್ಷ ಶಾಲೆಯಲ್ಲಿ ಕಣ್ಣಿನ ಪರೀಕ್ಷೆ ನಡೆಯಿತು. ಹುಡುಗನಿಗೆ ಬೋರ್ಡ್ ಕಾಣುತ್ತಲೇ ಇರಲಿಲ್ಲ! ಶಾಲೆಯ ಕಡೆಯಿಂದ ಪುಕ್ಕಟೆ ಕನ್ನಡಕ ಸಿಕ್ಕಿತು, ಅಂಕ ಏರಲು ಶುರುವಾಯಿತು. ಟೀಚರ್, ನಿಮಗೆ ಹೇಳುವ ಮೊದಲ ಕೆಲಸ ಇದೇ. ನಾಳೆಯೇ ಆ ಹುಡುಗಿಯ ಕಣ್ಣು ಪರೀಕ್ಷೆ ಮಾಡಿಸಿ. ಪ್ರೇರಣೆ ಆಮೇಲೆ. ಒಂದು ಕಣ್ಣು ಮುಚ್ಚಿ ಹಿಂದಿನ ಬೆಂಚಿನಿಂದ ಬೋರ್ಡ್ ಓದಿಸಿದರೂ ಅಂದಾಜು ಸಿಗುತ್ತದೆ. ಎರಡೂ ಕಣ್ಣು ಒಟ್ಟಿಗೆ ಚೆನ್ನಾಗಿ ಕೆಲಸ ಮಾಡದಿದ್ದರೆ ಆಳ ಗೊತ್ತಾಗುವುದಿಲ್ಲ. ನಮ್ಮ ಕೆಲಸದಲ್ಲಿ ಆಳವೇ ಮುಖ್ಯ.

ಎಂಟನೇ ಕ್ಲಾಸಿನಲ್ಲಿ ಬೆನ್‌ಗೆ ಅತ್ಯುತ್ತಮ ವಿದ್ಯಾರ್ಥಿ ಅಂತ ಸರ್ಟಿಫಿಕೇಟ್ ಬಂತು. ಆಗ ಒಬ್ಬ ಟೀಚರ್ ಎದ್ದು ನಿಂತು ಬಿಳಿಯ ಮಕ್ಕಳಿಗೆ ಬೈದರಂತೆ. ಕಪ್ಪು ಹುಡುಗ ನಿಮ್ಮನ್ನು ಹಿಂದೆ ಹಾಕುವುದೆಂದರೇನು ಅಂತ. ಮುಂದೆ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಸೇರಿ, ಸ್ಕ್ರಬ್ ಎಂಬ ಆಪರೇಷನ್ ಉಡುಪು ಹಾಕಿಕೊಂಡು ವಾರ್ಡಿಗೆ ಹೋದರೆ, ರೋಗಿಯನ್ನು ತಳ್ಳಿಕೊಂಡು ಹೋಗಲು ಬಂದ ಆರ್ಡರ್ಲಿ ಅಂದುಕೊಳ್ಳುತ್ತಿದ್ದರು. ಇದನ್ನು ಅವರೇ ಬರೆದುಕೊಂಡಿದ್ದಾರೆ. 33ನೇ ವಯಸ್ಸಿಗೆ ಅದೇ ಆಸ್ಪತ್ರೆಯಲ್ಲಿ ಮಕ್ಕಳ ಮೆದುಳು ಸರ್ಜರಿ ವಿಭಾಗದ ಮುಖ್ಯಸ್ಥರಾದರು. 1987ರಲ್ಲಿ ತಲೆ ಅಂಟಿಕೊಂಡು ಹುಟ್ಟಿದ್ದ ಜರ್ಮನಿಯ ಅವಳಿ ಮಕ್ಕಳನ್ನು ಬೇರ್ಪಡಿಸಿದರು. 22 ಗಂಟೆಯ ಆಪರೇಷನ್, 70 ಜನರ ತಂಡ. ಆಮೇಲೆ ರಾಜಕೀಯಕ್ಕೆ ಹೋದರು. ಅವರ ರಾಜಕೀಯ ನನಗೆ ರುಚಿಸುವುದಿಲ್ಲ, ಅದು ಬೇರೆ ಮಾತು.

ಹಾಗಾದರೆ ಪೇಷಂಟ್‌ಗಳು ಬಿಟ್ಟರಾ? ಬಿಟ್ಟರು. ಆದರೆ ಕಾರ್ಸನ್ ಬರುವ ಹೊತ್ತಿಗೆ ಬಾಗಿಲು ಸ್ವಲ್ಪ ತೆರೆದಿತ್ತು. ಅದನ್ನು ತೆರೆದವರಲ್ಲಿ ಒಬ್ಬರು ಅದೇ ಆಸ್ಪತ್ರೆಯಲ್ಲಿದ್ದರು. ಅವರು ಸರ್ಜನ್ ಅಲ್ಲ, ಡಾಕ್ಟರೂ ಅಲ್ಲ. ನಿಮ್ಮ ಹುಡುಗಿಗೆ ನಿಜವಾಗಿ ಹೇಳಬೇಕಾದ ಕತೆ ಅವರದು.

ವಿವಿಯನ್ ಥಾಮಸ್. 1910ರಲ್ಲಿ ಹುಟ್ಟಿದವರು. ನ್ಯಾಶ್‌ವಿಲ್ ಊರಿನಲ್ಲಿ ಬಡಗಿ ಕೆಲಸ ಮಾಡುತ್ತಾ, ಡಾಕ್ಟರ್ ಓದಬೇಕು ಅಂತ ದುಡ್ಡು ಕೂಡಿಡುತ್ತಿದ್ದರು. 1930ರಲ್ಲಿ ಹೊಟ್ಟೆಪಾಡಿಗೆ ಆಲ್ಫ್ರೆಡ್ ಬ್ಲಾಲಾಕ್ ಎಂಬ ಸರ್ಜನ್‌ನ ಪ್ರಯೋಗಶಾಲೆಗೆ ಸೇರಿದರು. ಹೊಟ್ಟೆಪಾಡಿಗೆ ಆಲ್ಫ್ರೆಡ್ ಬ್ಲಾಲಾಕ್ ಎಂಬ ಸರ್ಜನ್‌ನ ಪ್ರಯೋಗಶಾಲೆಗೆ ಸೇರಿದರು. ಪ್ರಯೋಗಶಾಲೆಯಲ್ಲಿ ಮಾಡುತ್ತಿದ್ದದ್ದು ನಾಯಿಗಳ ಮೇಲೆ ಸೂಕ್ಷ್ಮ ಆಪರೇಷನ್. ಸಂಬಳದ ಪುಸ್ತಕದಲ್ಲಿ ಇದ್ದ ಹುದ್ದೆ ಜಾಡಮಾಲಿಯದ್ದು. 1941ರಲ್ಲಿ ಬ್ಲಾಲಾಕ್ ಜೊತೆ ಹಾಪ್ಕಿನ್ಸ್‌ಗೆ ಬಂದರು. ಅಲ್ಲಿ ಬಿಳಿ ಕೋಟು ಹಾಕಿದ ಕಪ್ಪು ಮನುಷ್ಯ ವರಾಂಡದಲ್ಲಿ ನಡೆದರೆ ಜನ ನಿಂತು ತಿರುಗಿ ನೋಡುತ್ತಿದ್ದರು.

ಆಗ ಮೈ ನೀಲಿಗಟ್ಟಿ ಹುಟ್ಟುವ ಮಕ್ಕಳಿಗೆ ಚಿಕಿತ್ಸೆಯೇ ಇರಲಿಲ್ಲ. ಹೃದಯದ ದೋಷದಿಂದ ಶ್ವಾಸಕೋಶಕ್ಕೆ ಸಾಕಷ್ಟು ರಕ್ತ ಹೋಗುವುದಿಲ್ಲ. ಶ್ವಾಸಕೋಶಕ್ಕೆ ರಕ್ತ ಹೆಚ್ಚು ಹೋಗುವ ಹಾಗೆ ಮಾಡಬಹುದಲ್ವಾ ಎಂದು ಕೇಳಿದವರು ಹೆಲೆನ್ ಟಾಸಿಗ್ ಎಂಬ ಮಕ್ಕಳ ಡಾಕ್ಟರ್. ಆಕೆಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮಕ್ಕಳ ಎದೆಬಡಿತವನ್ನು ಬೆರಳಿನಲ್ಲೇ ಓದುವುದನ್ನು ರೂಢಿಸಿಕೊಂಡಿದ್ದರು. ಕೈಗೆ ಹೋಗುವ ಒಂದು ರಕ್ತನಾಳವನ್ನು ತಿರುಗಿಸಿ ಶ್ವಾಸಕೋಶದ ನಾಳಕ್ಕೆ ಹೊಲಿಯುವ ದಾರಿಯನ್ನು ನಾಯಿಗಳ ಮೇಲೆ ಮಾಡಿ ಮಾಡಿ ಪಳಗಿಸಿದ್ದು ಥಾಮಸ್‌ನ ಕೈ. ಅಷ್ಟು ಸಣ್ಣ ನಾಳಕ್ಕೆ ತಕ್ಕ ಸೂಜಿ, ಚಿಮುಟ ಇರಲಿಲ್ಲ. ಇದ್ದದ್ದನ್ನೇ ಅವರು ಕತ್ತರಿಸಿ, ಉಜ್ಜಿ ಸರಿಮಾಡಿಕೊಂಡರು. ಬಡಗಿಯ ಕೈಯಲ್ವಾ.

1944ರ ನವೆಂಬರ್ 29. ಮೇಜಿನ ಮೇಲೆ ಹದಿನೈದು ತಿಂಗಳ ಹೆಣ್ಣುಮಗು. ತೂಕ ನಾಲ್ಕು ಕಿಲೋ ಆಸುಪಾಸು. ಕತ್ತಿ ಹಿಡಿದವರು ಬ್ಲಾಲಾಕ್. ಅವರ ಬಲಭುಜದ ಹಿಂದೆ ಒಂದು ಸ್ಟೂಲ್ ಇಟ್ಟು ಥಾಮಸ್‌ರನ್ನು ನಿಲ್ಲಿಸಿಕೊಂಡರು. ಹೊಲಿಗೆ ಈ ಕಡೆಯಿಂದಲಾ, ಇಷ್ಟು ಅಂತರ ಸಾಕಾ ಎಂದು ಕೇಳುತ್ತಾ ಮಾಡಿದರು. ಆಪರೇಷನ್ ಆದ ಮೇಲೆ ಮಗುವಿನ ನೀಲಿ ಬಣ್ಣ ಕಡಿಮೆಯಾಯಿತು. ಆ ಮಗು ಕೆಲವು ತಿಂಗಳ ನಂತರ ತೀರಿಕೊಂಡಿತು, ಅದನ್ನೂ ಮುಚ್ಚಿಡಬಾರದು. ಆದರೆ ಆಮೇಲೆ ಸಾವಿರಾರು ಮಕ್ಕಳು ಬದುಕಿದರು. ಮರುವರ್ಷ ಬಂದ ವೈದ್ಯಕೀಯ ಲೇಖನದಲ್ಲಿ ಬ್ಲಾಲಾಕ್, ಟಾಸಿಗ್ ಎರಡೇ ಹೆಸರು. ಥಾಮಸ್ ಹೆಸರಿಲ್ಲ. 1976ರಲ್ಲಿ ಹಾಪ್ಕಿನ್ಸ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅದೂ ಕಾನೂನಿನ ಡಾಕ್ಟರೇಟ್, ವೈದ್ಯಕೀಯದ್ದಲ್ಲ. ಅಷ್ಟರೊಳಗೆ ದೊಡ್ಡ ದೊಡ್ಡ ಹಾರ್ಟ್ ಸರ್ಜನ್‌ಗಳು ಅವರ ಕೈಕೆಳಗೆ ಹೊಲಿಗೆ ಕಲಿತು ಹೋಗಿದ್ದರು.

ಈ ಕತೆ ಯಾಕೆ ಉದ್ದಕ್ಕೆ ಹೇಳಿದೆ ಅಂದರೆ, ನನ್ನ ಲೆಕ್ಕದಲ್ಲಿ ಸರ್ಜರಿಯಲ್ಲಿ ತಾರತಮ್ಯ ಇರುವುದು ಆ ಸ್ಟೂಲಿನ ಜಾಗದಲ್ಲಿ. ಬುದ್ಧಿ ಇದ್ದವರು ಪುಸ್ತಕ ಓದಿ ಪರೀಕ್ಷೆ ಪಾಸಾಗಬಹುದು, ಯಾರ ಹಂಗೂ ಬೇಕಾಗಿಲ್ಲ. ಕೈಕೆಲಸ ಹಾಗಲ್ಲ. ಇನ್ನೊಬ್ಬರು ಪಕ್ಕಕ್ಕೆ ಸರಿದು ‘ಈಗ ನೀನು ಮಾಡು’ ಅನ್ನಬೇಕು. ಯಾರಿಗೆ ಹಾಗೆ ಅನ್ನುತ್ತಾರೆ, ಯಾರಿಗೆ ಅನ್ನುವುದಿಲ್ಲ? ಪೇಷಂಟ್ ಬಿಡುತ್ತಾರಾ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಅದು.

ನನ್ನದೇ ಹೇಳುತ್ತೇನೆ. ನಮ್ಮದು ಬಂಟ್ವಾಳ ಬದಿ. ಬಾವಿಕಟ್ಟೆಯ ಹತ್ತಿರ ಬರಲು ಬಿಡದ ಜಾತಿ, ಅಷ್ಟು ಸಾಕು. ಅಮ್ಮ ಬೀಡಿ ಕಟ್ಟುತ್ತಿದ್ದರು. ಸಂಜೆ ಚಿಮಿಣಿ ದೀಪದ ಎದುರು ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಕುಳಿತರೆ ನಾವೂ ಸುತ್ತ ಕುಳಿತುಕೊಳ್ಳಬೇಕು. ನನ್ನ ಪಾಲಿಗೆ ನೂಲು ಸುತ್ತುವ ಕೆಲಸ. ಬಿಗಿ ಜಾಸ್ತಿಯಾದರೆ ಎಲೆ ಸೀಳುತ್ತದೆ. ಸಡಿಲವಾದರೆ, ಬೀಡಿ ಒಪ್ಪಿಸುವ ಬ್ರಾಂಚಿನಲ್ಲಿ ಬಿಚ್ಚಿಕೊಂಡು ಹೊಗೆಸೊಪ್ಪು ಉದುರುತ್ತದೆ, ಅಷ್ಟೂ ಬೀಡಿ ಪಕ್ಕಕ್ಕೆ ಬೀಳುತ್ತದೆ, ಆ ದಿನದ ಕೂಲಿಯಲ್ಲಿ ಕಡಿತ. ಎಂಟು ವರ್ಷಕ್ಕೆ ನನ್ನ ಬೆರಳಿಗೆ ಆ ಹದ ಗೊತ್ತಿತ್ತು.

ಸರ್ಜರಿಗೆ ಸೇರಿದ್ದು 1980ರ ದಶಕದ ಶುರುವಿನಲ್ಲಿ. ಎಲ್ಲಿ ಅಂತ ಹೆಸರು ಬೇಡ. ಮೊದಲ ಎಂಟು ತಿಂಗಳು ನನ್ನ ಕೈಗೆ ಸಿಕ್ಕಿದ್ದು ರಿಟ್ರಾಕ್ಟರ್. ಗಾಯದ ಅಂಚನ್ನು ಎಳೆದು ಹಿಡಿಯುವ ಕೊಕ್ಕೆ ಅದು. ಗಂಟೆಗಟ್ಟಲೆ ಎಳೆದು ಹಿಡಿದು ನಿಲ್ಲಬೇಕು, ಕೈ ಜೋಮು ಹಿಡಿಯುತ್ತದೆ, ಒಳಗೆ ಏನು ನಡೆಯುತ್ತಿದೆ ಅಂತ ಕಾಣುವುದೂ ಇಲ್ಲ. ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು, ಅದರಲ್ಲಿ ತಪ್ಪಿಲ್ಲ. ಆದರೆ ನನ್ನ ಜೊತೆ ಸೇರಿದ ಇಬ್ಬರು ಮೂರನೇ ತಿಂಗಳಿಗೇ ಹೊಲಿಗೆ ಹಾಕುತ್ತಿದ್ದರು. ಯಾರೂ ನನಗೆ ಕೆಟ್ಟ ಮಾತು ಆಡಲಿಲ್ಲ, ಬೈಯಲೂ ಇಲ್ಲ. ‘ನೀನು ಹಿಡ್ಕೊ’ ಅಂತ ನಗುತ್ತಲೇ ಹೇಳುತ್ತಿದ್ದರು. ದೂರು ಕೊಡಬೇಕೆಂದರೆ ಏನಂತ ಕೊಡುವುದು? ನನಗೆ ಕೊಕ್ಕೆ ಕೊಟ್ಟರು ಅಂತಲಾ?

ಇದನ್ನು ಗಮನಿಸಿದವರು ಆಪರೇಷನ್ ಥಿಯೇಟರಿನ ಒಬ್ಬರು ಹಿರಿಯ ಸಿಸ್ಟರ್. ಆಪರೇಷನ್ ಮುಗಿದ ಮೇಲೆ ಉಳಿದ ದಾರದ ತುಂಡುಗಳನ್ನು ಒಂದು ಗ್ಲೌಸಿನ ಪೊಟ್ಟಣದಲ್ಲಿ ಹಾಕಿ ನನಗೆ ಕೊಡುತ್ತಿದ್ದರು. ‘ಇದನ್ನು ಕಸಕ್ಕೆ ಹಾಕುವುದು, ನೀವು ತಗೊಂಡು ಹೋಗಿ.’ ಬೇರೆ ಏನೂ ಹೇಳುತ್ತಿರಲಿಲ್ಲ. ಹಾಸ್ಟೆಲ್ ಮಂಚದ ಕಾಲಿಗೆ ಆ ದಾರ ಸುತ್ತಿ ರಾತ್ರಿ ಗಂಟು ಹಾಕುತ್ತಿದ್ದೆ. ಒಂದು ಕೈಯಲ್ಲಿ, ಎಡಗೈಯಲ್ಲಿ, ಕಣ್ಣು ಮುಚ್ಚಿಕೊಂಡು. ಮಂಚದ ಕಾಲು ಪೂರ್ತಿ ಗಂಟಾಗಿತ್ತು. ರೂಮ್‌ಮೇಟ್ ಅದಕ್ಕೆ ಜಡೆಮುನಿ ಅಂತ ಹೆಸರಿಟ್ಟಿದ್ದ.

ಒಂದು ರಾತ್ರಿ ಎರಡು ಗಂಟೆಗೆ ಅಪೆಂಡಿಕ್ಸ್ ಕೇಸು ಬಂತು. ಡ್ಯೂಟಿಯಲ್ಲಿದ್ದವರು ಆಗತಾನೇ ಸೇರಿದ ಕಿರಿಯ ಲೆಕ್ಚರರ್. ನಾನು ರೂಢಿಯಂತೆ ಮೇಜಿನ ಎಡಕ್ಕೆ ಹೋಗಿ ನಿಂತೆ. ಈ ಆಪರೇಷನ್ನಿನಲ್ಲಿ ರೋಗಿಯ ಬಲಗಡೆ ನಿಲ್ಲುವುದು ಸರ್ಜನ್, ಎಡಗಡೆ ಸಹಾಯಕ. ಸಿಸ್ಟರ್ ಉಪಕರಣ ಜೋಡಿಸುತ್ತಾ, ತಲೆ ಎತ್ತದೆ, ‘ಇವರ ಗಂಟು ನೋಡಿದ್ದೀರಾ ಸಾರ್’ ಅಂದರು. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಮೇಜು ಸುತ್ತಿ ಎಡಕ್ಕೆ ಬಂದರು. ‘ಬಲಕ್ಕೆ ಹೋಗು’ ಅಂದರು. ಅಷ್ಟೇ.

ನಾಲ್ಕು ಹೆಜ್ಜೆ ಇದ್ದಿರಬಹುದು. ನಲವತ್ತು ವರ್ಷ ಕಳೆದರೂ ಆ ನಾಲ್ಕು ಹೆಜ್ಜೆ ನೆನಪಿದೆ. ಅಪೆಂಡಿಕ್ಸಿನ ಬುಡಕ್ಕೆ ಕ್ಯಾಟ್‌ಗಟ್ ದಾರ ಸುತ್ತಿ ಬಿಗಿಯುವಾಗ ಬೆರಳು ತಾನಾಗಿ ಒಂದು ಕಡೆ ನಿಂತಿತು. ಇನ್ನು ಎಳೆದರೆ ಸೀಳುತ್ತದೆ ಅಂತ ಬೆರಳಿಗೆ ಗೊತ್ತಾಯಿತು. ಎದುರಿಗಿದ್ದವರು ‘ಸಾಕು, ಅಲ್ಲಿಗೆ ಸಾಕು’ ಅಂದದ್ದು ಆಮೇಲೆ. ಮಾಂಸವನ್ನು ಸೇರಿಸಬೇಕು, ಕತ್ತು ಹಿಸುಕಬಾರದು ಅಂತ ನಮ್ಮಲ್ಲಿ ಕಲಿಸುತ್ತಾರೆ. ನಾನು ಅದನ್ನು ಬೀಡಿ ಎಲೆಯಲ್ಲಿ ಕಲಿತಿದ್ದೆ.

ಹಾಗಂತ ಆ ಹುಡುಗಿಗೆ ‘ಬುಟ್ಟಿ ಹೆಣೆಯುವ ಮನೆಯ ಕೈ, ಸರ್ಜರಿ ನಿನಗೆ ರಕ್ತದಲ್ಲೇ ಬಂದಿದೆ’ ಅಂತ ಭಾಷಣ ಮಾಡಬೇಡಿ ಮಾರಾಯ್ರೆ. ನನಗೆ ಅದು ಕೇಳಿದರೆ ಮೈ ಉರಿಯುತ್ತದೆ. ಬೀಡಿ ಕಟ್ಟಿದ ಲಕ್ಷ ಮಕ್ಕಳಲ್ಲಿ ಸರ್ಜನ್ ಆದವರು ಎಷ್ಟು? ನನ್ನ ತಂಗಿಯ ಕೈ ನನಗಿಂತ ಚುರುಕು. ಅವಳನ್ನು ಏಳನೇ ಕ್ಲಾಸಿಗೆ ಬಿಡಿಸಿದರು. ಬಿಡಿಸಿದ್ದು ನನ್ನ ಫೀಸಿಗಾಗಿ.

ನಿಮ್ಮ ಸಹೋದ್ಯೋಗಿ ನರ್ಸಿಂಗ್ ಸಾಕು ಅಂದರಲ್ಲ. ನರ್ಸಿಂಗ್ ಸಣ್ಣ ಕೆಲಸ ಅಲ್ಲ. ನನಗೆ ಬಲಗಡೆಯ ಜಾಗ ಕೊಡಿಸಿದ್ದೇ ಒಬ್ಬರು ನರ್ಸ್. ತಪ್ಪಿರುವುದು ‘ಸಾಕು’ ಅನ್ನುವ ಶಬ್ದದಲ್ಲಿ.

ಇನ್ನು ಪೇಷಂಟ್‌ಗಳ ಮಾತು. ಅಮೆರಿಕದಲ್ಲಿ ಬಣ್ಣ ಬಾಗಿಲಲ್ಲೇ ಕಾಣುತ್ತದೆ. ನಮ್ಮಲ್ಲಿ ಕೇಳಿ ತಿಳಿಯಬೇಕು. ಕೇಳುವ ಕ್ರಮವೂ ಬಹಳ ನಯ. ‘ಇಲ್ಲ್ ಓಲು? ಏರೆನ ಮಗೆ?’ ಮನೆ ಎಲ್ಲಿ, ಯಾರ ಮಗ. ತುಳುವಿನಲ್ಲಿ ಇದಕ್ಕಿಂತ ಪ್ರೀತಿಯ ಪ್ರಶ್ನೆ ಇಲ್ಲ, ಇದಕ್ಕಿಂತ ಹರಿತವಾದದ್ದೂ ಇಲ್ಲ. ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸತರಲ್ಲಿ ಒಬ್ಬರು ಹಿರಿಯರು ಹರ್ನಿಯಾ ತೋರಿಸಲು ಬಂದರು. ನಾನು ಮುಟ್ಟಿ ನೋಡಲು ಕೈ ತೊಳೆಯುತ್ತಿದ್ದಾಗ ಇದೇ ಪ್ರಶ್ನೆ ಕೇಳಿದರು. ನಾನು ಊರು, ಅಪ್ಪನ ಹೆಸರು ಎರಡನ್ನೂ ಹೇಳಿದೆ. ಅವರು ಪಂಚೆ ಸರಿಮಾಡಿಕೊಂಡು, ‘ಇನ್ನೊಮ್ಮೆ ಬರುತ್ತೇನೆ’ ಅಂತ ಎದ್ದರು. ನಾಲ್ಕನೇ ದಿನ ಮಧ್ಯರಾತ್ರಿ ಮಗ ಕಾರಿನಲ್ಲಿ ಹಾಕಿಕೊಂಡು ಬಂದ. ಕರುಳು ಸಿಕ್ಕಿಹಾಕಿಕೊಂಡಿತ್ತು. ಆಪರೇಷನ್ ಮಾಡಿದೆ. ಹತ್ತನೇ ದಿನ ಹೊಲಿಗೆ ಬಿಚ್ಚಿಸಿಕೊಂಡು ಹೋದರು. ಬದಲಾದರಾ? ನಾನು ಕೇಳಲಿಲ್ಲ. ಫೀಸು ಸರಿಯಾಗಿ ಕೊಟ್ಟರು.

ಅವಳಿಗೆ ಹೀಗೆ ಹೇಳಿ: ಕೆಲವರು ಬಿಡುವುದಿಲ್ಲ, ಹೆಚ್ಚಿನವರು ಬಿಡುತ್ತಾರೆ, ನೋವು ಜಾಸ್ತಿಯಾದ ಹಾಗೆ ಬಿಡುವವರೂ ಜಾಸ್ತಿಯಾಗುತ್ತಾರೆ. ಅವಳಿಗೆ ಈ ಉತ್ತರ ಅರ್ಥವಾಗುತ್ತದೆ. ‘ಈಗ ಯಾರೂ ಹಾಗೆಲ್ಲ ಮಾಡುವುದಿಲ್ಲ ಪುಟ್ಟಾ’ ಅಂದರೆ ನಿಮ್ಮನ್ನು ನಂಬುವುದನ್ನೇ ಬಿಡುತ್ತಾಳೆ.

ಹಾಗೇ, ವಾಟ್ಸಾಪಿನಲ್ಲಿ ಬರುವ ಹ್ಯಾಮಿಲ್ಟನ್ ನಾಕಿ ಕತೆ ಹೇಳಬೇಡಿ. 1967ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ಮೊದಲ ಹೃದಯ ಕಸಿಯಲ್ಲಿ ದಾನಿಯ ಹೃದಯ ತೆಗೆದದ್ದು ತೋಟದ ಮಾಲಿಯಾಗಿದ್ದ ನಾಕಿ, ಬಿಳಿಯರು ಅದನ್ನು ಮುಚ್ಚಿಟ್ಟರು ಅಂತ. ಅದು ನಡೆದದ್ದಲ್ಲ. ಅವರ ಮರಣದ ನಂತರ ದೊಡ್ಡ ಪತ್ರಿಕೆಗಳೇ ಹಾಗೆ ಬರೆದು ತಿದ್ದುಪಡಿ ಹಾಕಿದವು. ನಿಜವಾದ ನಾಕಿ ಮಾಲಿಯಾಗಿ ಸೇರಿ, ಪ್ರಾಣಿಗಳ ಪ್ರಯೋಗಶಾಲೆಯಲ್ಲಿ ಕೈ ಪಳಗಿಸಿಕೊಂಡು, ಓದಿದ ಸರ್ಜನ್‌ಗಳಿಗೇ ಕಲಿಸುವ ಮಟ್ಟಕ್ಕೆ ಬಂದವರು. ಅದು ಸಾಲದಾ? ಉಪ್ಪು ಖಾರ ಹಾಕಿದ ಕತೆ ಬಯಲಾದ ದಿನ ಮಗು ಒಳ್ಳೆಯ ಕತೆಯನ್ನೂ ನಂಬುವುದಿಲ್ಲ.

ನಮ್ಮ ದೇಶದ್ದೇ ಬೇಕಾದರೆ ಮುತ್ತುಲಕ್ಷ್ಮಿ ರೆಡ್ಡಿ ಇದ್ದಾರೆ. 1886ರಲ್ಲಿ ಪುದುಕ್ಕೋಟೆಯಲ್ಲಿ ಹುಟ್ಟಿದವರು, ತಾಯಿ ದೇವದಾಸಿ ಸಮುದಾಯದವರು. ಹುಡುಗರ ಕಾಲೇಜಿಗೆ ಹುಡುಗಿ, ಅದೂ ಅಂಥ ಮನೆಯ ಹುಡುಗಿ ಬರಬಾರದು ಅಂತ ಗಲಾಟೆ ಎದ್ದಾಗ ಅಲ್ಲಿನ ರಾಜ ಸೇರಿಸಿಕೊಳ್ಳಿ ಅಂದ. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರ್ ಆಗಿ ಹೊರಬಂದರು. ಮದ್ರಾಸಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಮೊದಲ ಮಹಿಳಾ ಹೌಸ್ ಸರ್ಜನ್. ಅಡ್ಯಾರ್ ಕ್ಯಾನ್ಸರ್ ಆಸ್ಪತ್ರೆ ಶುರು ಮಾಡಿದ್ದು ಅವರೇ, 1954ರಲ್ಲಿ. ಇಲ್ಲೂ ನೋಡಿ, ಒಬ್ಬ ‘ಸೇರಿಸಿಕೊಳ್ಳಿ’ ಅಂದವನು ಇದ್ದಾನೆ.

ನಮ್ಮೂರಿನಲ್ಲಿ ಹಾಗೆ ಅಂದವರು ಕುದ್ಮುಲ್ ರಂಗರಾವ್. ಮಂಗಳೂರಿನ ಪುರಭವನಕ್ಕೆ ಈಗ ಅವರದೇ ಹೆಸರು. ದಲಿತ ಮಕ್ಕಳಿಗೆ ಶಾಲೆ ತೆರೆದರು ಅಂತ ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ನನ್ನ ಶಾಲೆಯ ಮಗು ಓದಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ನನ್ನ ತಲೆಗೆ ಬೀಳಬೇಕು ಅನ್ನುವುದು ಅವರ ಆಸೆಯಾಗಿತ್ತು. ಅವರು ತೀರಿಕೊಂಡದ್ದು 1928ರಲ್ಲಿ. ನಾನು ಸೆಕೆಂಡ್ ಹ್ಯಾಂಡ್ ಫಿಯಟ್ ಕೊಂಡ ದಿನ ಪುರಭವನದ ಎದುರು ಒಂದು ಸುತ್ತು ಹೊಡೆದಿದ್ದೆ. ಡಾಮರು ರಸ್ತೆ, ಧೂಳೇ ಏಳಲಿಲ್ಲ.

ಸರಿ, ಈಗ ಕೆಲಸದ ಮಾತು. ನಮ್ಮ ಎರಡು ಜಿಲ್ಲೆಗಳಿಗೆ ಮೆಡಿಕಲ್ ಕಾಲೇಜಿನ ಬರ ಇಲ್ಲ. 1953ರಲ್ಲಿ ಮಣಿಪಾಲ, 1955ರಲ್ಲಿ ಮಂಗಳೂರು, ಆಮೇಲೆ ಸಾಲುಸಾಲು. ಆದರೆ ಎಲ್ಲ ಖಾಸಗಿ. ಡೀಮ್ಡ್ ಕಾಲೇಜಿನ ಫೀಸು ನೋಡಿ ಎದೆ ಒಡೆದುಕೊಳ್ಳುವುದು ಬೇಡ. ಅವಳು ಕಣ್ಣಿಡಬೇಕಾದದ್ದು ಸರ್ಕಾರಿ ಸೀಟಿನ ಮೇಲೆ. ಕಾರವಾರ, ಮಡಿಕೇರಿ, ಶಿವಮೊಗ್ಗ ಹತ್ತಿರದವು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಇರಲೇಬೇಕು. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಕನ್ನಡ ಆರಿಸಿದರೆ ಪ್ರಶ್ನೆಪತ್ರಿಕೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರುತ್ತದೆ. ಆದರೆ ಎಂಬಿಬಿಎಸ್ ಪಾಠ ಇಂಗ್ಲಿಷ್‌ನಲ್ಲೇ. ದಿನಕ್ಕೆ ಅರ್ಧ ಪುಟ ಜೀವಶಾಸ್ತ್ರವನ್ನು ಇಂಗ್ಲಿಷ್‌ನಲ್ಲಿ ಓದಿಸಿ ಕನ್ನಡದಲ್ಲಿ ಹೇಳಿಸಿ. ಕಾರ್ಸನ್ ತಾಯಿಯ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಿಮಗೆ ಓದಲೂ ಬರುತ್ತದೆ, ಆ ಮಟ್ಟಿಗೆ ಅವಳ ಪುಣ್ಯ.

ಕಾಗದಪತ್ರದಲ್ಲಿ ನಿಮ್ಮ ಕೆಲಸ ಜಾಸ್ತಿ ಇದೆ. ಅವಳು ಸೇರುವ ಪರಿಶಿಷ್ಟ ಪಂಗಡದ ಮೀಸಲಾತಿ ನಮ್ಮ ರಾಜ್ಯದಲ್ಲಿ 2022ರ ಕೊನೆಗೆ ಶೇಕಡಾ 3ರಿಂದ 7ಕ್ಕೆ ಏರಿದೆ. ಅದರ ಜೊತೆಗೆ ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಬೇರೆ ಮೀಸಲಾತಿ ಉಂಟು. ಆ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯಸ್ಥರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಅವಳು ನಡುವೆ ಶಾಲೆ ಬದಲಿಸಿದ್ದರೆ ಹಳೆಯ ಶಾಲೆಯ ದಾಖಲೆಯೂ ಬೇಕಾಗುತ್ತದೆ. ಈಗಲೇ ಮಾಡಿಸಿಡಿ. ಕೌನ್ಸೆಲಿಂಗ್ ವಾರದಲ್ಲಿ ಬಿಇಒ ಕಚೇರಿಯ ಮೆಟ್ಟಿಲಲ್ಲಿ ಅಳುತ್ತಾ ಕುಳಿತ ಮಕ್ಕಳನ್ನು ನಾನು ನೋಡಿದ್ದೇನೆ. ಹಾಸ್ಟೆಲ್, ಕೋಚಿಂಗ್, ಸ್ಕಾಲರ್‌ಶಿಪ್ ಬಗ್ಗೆ ಉಡುಪಿಯ ಐಟಿಡಿಪಿ (ಗಿರಿಜನ ಅಭಿವೃದ್ಧಿ ಯೋಜನೆ) ಕಚೇರಿಯಲ್ಲಿ ಕೇಳಿ. ಫೋನಿನಲ್ಲಿ ಅಲ್ಲ, ಹೋಗಿ ಕುಳಿತು ಕೇಳಿ.

ಅವಳ ಅಮ್ಮನಿಗೂ ಲೆಕ್ಕ ಹೇಳಬೇಕು. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಆಮೇಲೆ ಸರ್ಜರಿ ಕಲಿಯುವ ಎಂಎಸ್ ಮೂರು. ಮೆದುಳು, ಹೃದಯ ಅಂತ ಹೋದರೆ ಎಂಸಿಎಚ್ ಇನ್ನೂ ಮೂರು. ಕೇಳಿದರೆ ತಲೆ ತಿರುಗುತ್ತದೆ. ಆದರೆ ಇಂಟರ್ನ್‌ಶಿಪ್‌ನಿಂದಲೇ ಸ್ಟೈಪೆಂಡ್ ಬರುತ್ತದೆ, ಎಂಎಸ್ ಮಾಡುವಾಗಲೂ ಬರುತ್ತದೆ. ಅಂದರೆ ಮಗಳು ಇಪ್ಪತ್ತಮೂರು ಇಪ್ಪತ್ತನಾಲ್ಕಕ್ಕೆ ಸ್ವಲ್ಪ ದುಡಿಯಲು ಶುರು ಮಾಡುತ್ತಾಳೆ. ನನ್ನ ಅಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಮಗ ಮುದುಕನಾಗುವವರೆಗೂ ಓದುತ್ತಾನೆ ಅಂದುಕೊಂಡಿದ್ದರು ಪಾಪ.

‘ಕೋಟಾದಲ್ಲಿ ಬಂದವಳು’ ಅನ್ನುವ ಮಾತು ಹಾಸ್ಟೆಲಿನಲ್ಲಿ ಬಂದೇ ಬರುತ್ತದೆ. ಅವಳು ಒಂದು ವಿಷಯ ಗಟ್ಟಿಯಾಗಿ ತಿಳಿದಿರಲಿ. ಮೀಸಲಾತಿ ಇರುವುದು ಒಳಗೆ ಬರುವ ಬಾಗಿಲಿಗೆ. ಎಂಬಿಬಿಎಸ್ಸಾಗಲಿ, ಎಂಎಸ್ಸಾಗಲಿ, ಪಾಸಾಗಲು ಎಲ್ಲರಿಗೂ ಒಂದೇ ಗೆರೆ. ಪ್ರತಿ ಕಾಲೇಜಿನಲ್ಲಿ ರ‍್ಯಾಗಿಂಗ್ ವಿರುದ್ಧ ಸಮಿತಿ ಇರಲೇಬೇಕು. ಏನಾದರೂ ಆದರೆ ಬಾಯಲ್ಲಿ ಹೇಳುವುದಕ್ಕಿಂತ ತಾರೀಕು, ಹೆಸರು, ಆಡಿದ ಮಾತು ಮೂರನ್ನೂ ಬರೆದು ಕೊಡಲಿ.

ಇನ್ನು ಎಂಎಸ್‌ಗೆ ಬಂದ ಮೇಲೆ ಲಾಗ್‌ಬುಕ್. ಯಾವ ಆಪರೇಷನ್ನಿಗೆ ಸಹಾಯಕ್ಕೆ ನಿಂತೆ, ಯಾವುದನ್ನು ನಾನೇ ಮಾಡಿದೆ ಅಂತ ಅದರಲ್ಲಿ ಬರೆಯಬೇಕು. ಹೆಚ್ಚಿನವರು ಪರೀಕ್ಷೆಯ ಹಿಂದಿನ ವಾರ ಕುಳಿತು ತುಂಬಿಸುತ್ತಾರೆ. ಅವಳು ಅದೇ ದಿನ ಬರೆಯಲಿ. ಆರು ತಿಂಗಳಿಗೊಮ್ಮೆ ಜೊತೆಯವರ ಪುಸ್ತಕದ ಪಕ್ಕ ಇಟ್ಟು ನೋಡಲಿ. ನನಗೆ ಏನಂತ ದೂರು ಕೊಡುವುದು ಗೊತ್ತಿರಲಿಲ್ಲ ಅಂದೆನಲ್ಲ. ಅವಳ ಕೈಯಲ್ಲಿ ಲೆಕ್ಕ ಇರುತ್ತದೆ. ‘ಸಾರ್, ನನ್ನದು ಅರವತ್ತು ಸಲ ಕೊಕ್ಕೆ, ಎರಡು ಸಲ ಹೊಲಿಗೆ’ ಅಂತ ಹೇಳುವ ಹುಡುಗಿಗೆ ನಗುತ್ತಾ ‘ನೀನು ಹಿಡ್ಕೊ’ ಅನ್ನುವುದು ಸ್ವಲ್ಪ ಕಷ್ಟ.

ಸುಳ್ಳು ಆಸೆಯಾ ಅಂತ ಕೇಳಿದಿರಿ. ನೀಟ್‌ನಲ್ಲಿ ಅವಳು ತಪ್ಪಬಹುದು. ಒಮ್ಮೆ ತಪ್ಪಿದರೆ ಇನ್ನೊಮ್ಮೆ ಬರೆಯಲು ಒಂದು ವರ್ಷದ ಖರ್ಚಿಗೆ ದಾರಿ ಉಂಟಾ ಅಂತ ಈಗಲೇ ಯೋಚಿಸಿ. ಎಂಬಿಬಿಎಸ್ ಮಾಡುತ್ತಾ ಸರ್ಜರಿ ಬೇಡ, ಮಕ್ಕಳ ಡಾಕ್ಟರ್ ಆಗುತ್ತೇನೆ ಅನ್ನಲೂಬಹುದು. ಅವಳಿಷ್ಟ. ಆದರೆ ಹದಿನಾರು ವರ್ಷಕ್ಕೆ ಆ ಪ್ರಶ್ನೆ ಕೇಳಿದ ಹುಡುಗಿಗೆ ನೀವು ಆಸೆ ಹುಟ್ಟಿಸಬೇಕಾಗಿಲ್ಲ ಟೀಚರ್, ಅದು ಆಗಲೇ ಹುಟ್ಟಿದೆ.

ನಾನು ಈಗ ಆಪರೇಷನ್ ಮಾಡುವುದಿಲ್ಲ, ಕೈ ಸ್ವಲ್ಪ ನಡುಗುತ್ತದೆ. ಆದರೆ ಹಳೆಯ ನೀಡಲ್ ಹೋಲ್ಡರ್ ಒಂದು, ಚಿಮುಟ ಒಂದು ಕಪಾಟಿನಲ್ಲಿವೆ. ದಸರಾ ರಜೆಯಲ್ಲಿ ಅವಳನ್ನು ಕರೆದುಕೊಂಡು ಮಂಗಳೂರಿಗೆ ಬನ್ನಿ, ಅವಳ ಅಮ್ಮನೂ ಬರಲಿ. ಹೊಲಿಗೆ ಕಲಿಯಲು ಬಾಳೆಹಣ್ಣಿನ ಸಿಪ್ಪೆಯಷ್ಟು ಒಳ್ಳೆಯ ಚರ್ಮ ಇಲ್ಲ, ಸ್ವಲ್ಪ ಎಳೆದರೂ ಹರಿಯುತ್ತದೆ. ಬರುವಾಗ ಒಂದು ಚಿಪ್ಪು ಬಾಳೆಹಣ್ಣು ತನ್ನಿ. ಹಣ್ಣು ನಾವು ತಿನ್ನೋಣ, ಸಿಪ್ಪೆ ಅವಳಿಗೆ. ಮೇಜಿನ ಎಡಗಡೆ ನಾನು ನಿಲ್ಲುತ್ತೇನೆ.